ಫೋನು ನುಂಗಿದ ‘ಇಲ್ಲ’

ಕೊರೊನಾ ಕಳೆದು, ಬ್ಯಾಂಕಿಗೆ ಮತ್ತೆ ದಿನವೂ ಹೋಗಿಬರಲು ಶುರುಮಾಡಿದ ವರ್ಷ ಅದು. ನಮ್ಮ ಮನೆ ಲಿಂಗಂಪಲ್ಲಿಯಲ್ಲಿ, ನನ್ನ ಶಾಖೆ ಸನತ್‌ನಗರದಲ್ಲಿ. ನನಗೆ ಹುಟ್ಟಿನಿಂದಲೂ ಕಣ್ಣು ಕಾಣುವುದಿಲ್ಲ. ಫೋನಿಗೆ ಬಂದದ್ದನ್ನೆಲ್ಲ ಕನ್ನಡದಲ್ಲಿ ಓದಿ ಹೇಳುವ ಒಂದು ದನಿ ನನ್ನ ಜೊತೆಗಿತ್ತು. ಕೆಲವರು ತಮ್ಮ ಬಿಡುವಿನ ವೇಳೆಯಲ್ಲಿ ಸೇರಿ ಮಾಡಿದ ತಂತ್ರಾಂಶ ಅದು. ಅದರ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಿ ಕಳಿಸಬಹುದು. ಇಂಥದ್ದನ್ನು ಓಪನ್ ಸೋರ್ಸ್ ಎನ್ನುತ್ತಾರೆಂದು ನನಗೆ ಗೊತ್ತಾದದ್ದು ಈ ಘಟನೆಯ ನಂತರವೇ.

ಆಷಾಢದ ಒಂದು ಬೆಳಗ್ಗೆ. ಸಣ್ಣಗೆ ಮಳೆ ಜಿನುಗುತ್ತಿತ್ತು. ಲೋಕಲ್ ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ಅರೆನಿದ್ದೆಯಲ್ಲಿದ್ದೆ. ರಾಯಚೂರಿನಿಂದ ತಂಗಿ ಸುಮಾಳ ಸಂದೇಶ ಬಂತು. ದನಿ ಎಂದಿನಂತೆ ತಣ್ಣಗೆ ಓದಿತು: “ಅವ್ವ ಮೆಟ್ಟಲ ಇಳಿಯೂವಾಗ ಜಾರಿ ಬಿದ್ದಾಳ. ದವಾಖಾನ್ಯಾಗ ಅದೀವಿ. ಜೀವಕ್ಕ ಭಯ.”

ಮತ್ತೆ ಓದಿಸಿದೆ. ಮತ್ತೆ ಅದೇ, ಜೀವಕ್ಕ ಭಯ. ಸುಮಾಳಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಒಂದೊಂದೇ ಅಕ್ಷರವಾಗಿಯೂ ಓದಿಸಬಹುದಿತ್ತು, ಆ ಗಾಬರಿಯಲ್ಲಿ ಹೊಳೆಯಲಿಲ್ಲ. ಇಷ್ಟು ವರ್ಷ ಒಂದು ಮಾತೂ ತಪ್ಪದ ದನಿ ಅದು, ಅನುಮಾನ ಯಾಕೆ ಬರಬೇಕು? ನಮ್ಮವರು ಕೆಲಸದ ಮೇಲೆ ವರಂಗಲ್‌ಗೆ ಹೋಗಿದ್ದರು. ಅವರಿಗೆ ವಿಷಯ ತಿಳಿಸಿ, ನಡುವೆಯೇ ಇಳಿದು, ಆಟೋ ಹಿಡಿದು ಕಾಚಿಗೂಡ ಸ್ಟೇಷನ್ನಿಗೆ ಹೋದೆ. ರಾಯಚೂರಿನ ಗಾಡಿಗೆ ಇನ್ನೂ ಹೊತ್ತಿತ್ತು.

ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತ ಆ ಹೊತ್ತು ಈಗಲೂ ನನಗೆ ಕನಸಿನ ಹಾಗೆಯೇ ನೆನಪಾಗುತ್ತದೆ. ತೆಲುಗು, ಹಿಂದಿ, ಇಂಗ್ಲಿಷಿನ ಪ್ರಕಟಣೆಗಳು ನೀರಿನಡಿಯಿಂದ ಬಂದಂತೆ ಕೇಳುತ್ತಿದ್ದವು. ಎಲ್ಲೋ ಒಂದು ಎಂಜಿನ್ನು ಒಂದೇ ಲಯದಲ್ಲಿ ಬಡಿದುಕೊಳ್ಳುತ್ತಿತ್ತು. ಕೇಳುತ್ತ ಕೇಳುತ್ತ ಅದು ಅವ್ವ ರೊಟ್ಟಿ ಬಡಿಯುವ ಸದ್ದಾಯಿತು. ನಾನು ಚಿಕ್ಕವಳಿದ್ದಾಗ ಆ ಸದ್ದು ಹಿಡಿದುಕೊಂಡೇ ಅಂಗಳದಿಂದ ಅಡುಗೆಮನೆಯವರೆಗೆ ನಡೆದು ಹೋಗುತ್ತಿದ್ದೆ. ಅವ್ವ ನನ್ನ ಅಂಗೈಯನ್ನು ಹಿಟ್ಟಿನ ಮೇಲಿಟ್ಟು ಅದರ ಮೇಲೆ ತನ್ನ ಕೈ ಇಡುತ್ತಿದ್ದಳು. ನನ್ನ ಕೈ ಬೆಚ್ಚಗಾಯಿತು, ನಿಜವಾಗಿಯೂ ಬೆಚ್ಚಗಾಯಿತು. ಇನ್ನು ಈ ಸದ್ದು ಇರುವುದಿಲ್ಲ ಎಂದುಕೊಂಡೆ. ಅಳು ಮಾತ್ರ ಬರಲಿಲ್ಲ.

ಪಕ್ಕದಲ್ಲಿ ಯಾರೋ ಕೂತಿದ್ದರು. ನಾನು ಸುಮಾಳಿಗೆ ಮತ್ತೆ ಮತ್ತೆ ಫೋನ್ ಹಚ್ಚುತ್ತ, ‘ಎತ್ತ ಸುಮಾ, ಎತ್ತವ್ವ’ ಎಂದು ಗುನುಗುತ್ತಿದ್ದುದನ್ನು ಕೇಳಿಸಿಕೊಂಡಿರಬೇಕು. ಯಾವೂರಿಗೆ ಹೊಂಟಿ ಎಂದು ಕೇಳಿದರು. ವಯಸ್ಸಾದ ಹೆಂಗಸಿನ ದನಿ. ಮಗಳ ಬಾಣಂತನ ಮುಗಿಸಿ ಅವರೂ ರಾಯಚೂರಿಗೇ ಹೊರಟಿದ್ದರು. ಬಾಯಲ್ಲಿ ಹೇಳಲಾಗದೆ ಸಂದೇಶವನ್ನೇ ಅವರಿಗೂ ಕೇಳಿಸಿದೆ. ಅವರು, ಎಲ್ಲಿ ಕೊಡವ್ವ ಎಂದು ಫೋನ್ ಇಸಕೊಂಡರು. ಡಬ್ಬಿಯಿಂದ ಚಾಳೀಸು ತೆಗೆದು ಕಣ್ಣಿಗೇರಿಸಿಕೊಂಡ ಸದ್ದಾಯಿತು.

“ಇಲ್ಲ ಅಂತ ಐತಲ್ಲವ್ವ ಇಲ್ಲಿ. ಜೀವಕ್ಕ ಭಯ ಇಲ್ಲ. ಇದು ಇಲ್ಲ ಅನ್ನೂದನ್ನ ಹೇಳವಲ್ದು.”

ಆಗ ಅಳು ಬಂತು. ಆ ತಾಯಿ ನನ್ನ ತಲೆಯನ್ನು ತನ್ನ ಭುಜಕ್ಕೆ ಆನಿಸಿಕೊಂಡು, ರಾಯಚೂರು ಬರುವವರೆಗೆ ಜೊತೆಗೇ ಇದ್ದರು. ಹೆಸರು ಕೇಳುವುದನ್ನು ಮರೆತೆ.

ಅವ್ವನ ಮುಂಗೈ ಮುರಿದಿತ್ತು, ಅಷ್ಟೇ. ಸುಮಾಳ ಫೋನಿನ ಚಾರ್ಜ್ ಮುಗಿದಿತ್ತು. ನಡೆದದ್ದನ್ನು ಹೇಳಿದರೆ ಹಾಸಿಗೆಯಲ್ಲೇ ನಕ್ಕಳು. ಅಷ್ಟು ದೊಡ್ಡ ಮಾತು ಬಿಟ್ಟು ಉಳಿದದ್ದೆಲ್ಲ ಓದ್ತದೇನ ನಿನ್ನ ಫೋನು ಎಂದಳು. ನನಗೆ ನಗು ಬರಲಿಲ್ಲ. ಕನ್ನಡದಲ್ಲಿ ಇಲ್ಲ, ಬೇಡ, ಆಗದು ಎಲ್ಲವೂ ಮಾತಿನ ಕೊನೆಗೇ ಬರುತ್ತವೆ. ಕೊನೆ ಹೋದರೆ ಅರ್ಥವೇ ತಿರುಗಿಬೀಳುತ್ತದೆ. ತಂತ್ರಾಂಶ ಮಾಡಿದವರ ವಿಳಾಸ ಹುಡುಕಿಸಿ, ನಡೆದದ್ದನ್ನೆಲ್ಲ ನನ್ನದೇ ದನಿಯಲ್ಲಿ ರೆಕಾರ್ಡ್ ಮಾಡಿ ಕಳಿಸಿದೆ.

ಮರುದಿನವೇ ಫೋನ್ ಬಂತು. ಅದನ್ನು ಶುರುಮಾಡಿದ ಕುಲಕರ್ಣಿಯವರು ಹೈದರಾಬಾದಿನವರೇ. ದನಿ ಚುರುಕಾಗಲೆಂದು, ನನಗೆ ಆ ಸಂದೇಶ ಬರುವ ಹಿಂದಿನ ರಾತ್ರಿಯಷ್ಟೇ ಅವರು ಮಾತಿನ ಕೊನೆಯ ಮೌನವನ್ನು ಕತ್ತರಿಸುವ ಬದಲಾವಣೆ ಮಾಡಿದ್ದರಂತೆ. ಸುಮಾ ಕೊನೆಗೆ ಪೂರ್ಣವಿರಾಮದ ಚುಕ್ಕೆ ಇಟ್ಟಿರಲಿಲ್ಲ. ಚುಕ್ಕೆ ಇಲ್ಲದ ಕಡೆ ಮೌನದ ಜೊತೆ ಕೊನೆಯ ಪದವೂ ಕತ್ತರಿಸಿ ಹೋಗಿತ್ತು. ಬದಲಾವಣೆ ಬರೆದವರೂ ಅವರೇ, ಮೂಲಕ್ಕೆ ಸೇರಿಸಿದವರೂ ಅವರೇ. ನಡುವೆ ಇನ್ನೊಬ್ಬರು ನೋಡಿರಲಿಲ್ಲ. ಭಾನುವಾರ ನಮ್ಮ ಮಂದಿ ಕೂಡಾಕತ್ತಾರ, ನೀವೂ ಬರ್ರಿ ಎಂದರು.

ಅವರ ಮನೆಯ ಮಾಳಿಗೆಯ ಮೇಲೆ ನಾಲ್ಕೈದು ಜನ ಸೇರಿದ್ದರು. ಅನುಷಾ ಎಂಬ ತೆಲುಗು ಹುಡುಗಿ, ಇನ್ನು ಮೇಲೆ ಯಾರೂ ತಮ್ಮ ಕೋಡನ್ನು ತಾವೇ ಮರ್ಜ್ ಮಾಡಬಾರದು, ಮತ್ತೊಬ್ಬರು ನೋಡಿ ಒಪ್ಪಿದ ಮೇಲೆಯೇ ಮೂಲಕ್ಕೆ ಸೇರಿಸಬೇಕು ಎಂದಳು. ಕುಲಕರ್ಣಿಯವರು ಒಪ್ಪಲಿಲ್ಲ. ಎಲ್ಲರೂ ನೌಕರಿ ಮಾಡುವವರು, ಒಬ್ಬರಿಗಾಗಿ ಒಬ್ಬರು ಕಾಯುತ್ತ ಕೂತರೆ ಕೆಲಸ ನಿಂತೇಹೋಗುತ್ತದೆ, ತಮ್ಮ ಗೆಳೆಯರ ಒಂದು ತಂತ್ರಾಂಶ ಹಾಗೆಯೇ ಸತ್ತಿತು ಎಂದರು. ಹಾಗಾದರೆ ಕೋಡಿನ ಒಂದು ಪ್ರತಿ ತೆಗೆದುಕೊಂಡು ನಾವು ಬೇರೆಯೇ ನಡೆಸುತ್ತೇವೆ ಎಂದು ಇನ್ನೊಬ್ಬರು ಹೇಳಿದರು. ನನ್ನ ದನಿ ಒಡೆದು ಎರಡಾಗುತ್ತದೇನೋ ಎಂದು ನನಗೆ ಹೆದರಿಕೆಯಾಯಿತು.

“ನೀವೇನಂತೀರಿ ಮೇಡಂ?” ಎಂದು ಕುಲಕರ್ಣಿಯವರೇ ಕೇಳಿದರು.

“ಕೋಡ್ ನನಗ ತಿಳಿಯಂಗಿಲ್ರಿ. ನೀವು ಇಷ್ಟ ವರ್ಷ ನಡೆಸೀರಿ ಅಂತಽ ನನ್ನ ನೌಕರಿ ನಡದೈತಿ. ಆದ್ರ ಒಬ್ಬರು ನೋಡಲಿ. ಆಮ್ಯಾಲೆ, ದಿನಾ ಇದನ್ನ ನಂಬಿದವರು ಒಬ್ಬರು ಕೇಳಲಿ. ಅಲ್ಲೀತನಕ ಹೊರಗ ಬಿಡಬ್ಯಾಡ್ರಿ.”

“ಕೇಳೋರು ಯಾರ್ರಿ?”

“ನಾ ಕೇಳ್ತೀನ್ರಿ.”

ಕೀಲಿಮಣೆಯ ಟಕಟಕ ಕೇಳಿತು. ನಿಯಮವನ್ನು ಕುಲಕರ್ಣಿಯವರೇ ಬರೆದು ಗಟ್ಟಿಯಾಗಿ ಓದಿದರು. ಯಾರೂ ತಮ್ಮ ಬದಲಾವಣೆಯನ್ನು ತಾವೇ ಸೇರಿಸುವಂತಿಲ್ಲ. ಇದು ಶುರುಮಾಡಿದವರಿಗೂ ಅನ್ವಯ. ಒಬ್ಬರು ನೋಡಬೇಕು, ಒಬ್ಬರು ಕೇಳಬೇಕು. ದನಿಯೇ ನಿಂತುಹೋದಂಥ ಸಮಯದಲ್ಲಿ ಮಾತ್ರ ತಕ್ಷಣ ಸೇರಿಸಬಹುದು, ಅದನ್ನೂ ಆಮೇಲೆ ಮತ್ತೊಬ್ಬರು ಪರಿಶೀಲಿಸಬೇಕು.

ಅಂದಿನಿಂದ ಹೊಸ ದನಿ ಮೊದಲು ನನ್ನ ಕಿವಿಗೆ ಬರುತ್ತದೆ. ಒಮ್ಮೆ ಕುಲಕರ್ಣಿಯವರ ಒಂದು ಬದಲಾವಣೆ ಬಂದಾಗ ನಾನು ನೆಗಡಿಯಿಂದ ಕಿವಿ ಕಟ್ಟಿಕೊಂಡು ಮಲಗಿದ್ದೆ. ಕೇಳಿದಿರೇನು ಎಂದು ಫೋನ್ ಮಾಡಿದರು. ಇನ್ನೂ ಇಲ್ಲ ಎಂದೆ. “ಅವಸರ ಇಲ್ರಿ, ನಾ ಕಾಯ್ತೀನಿ” ಎಂದು ಫೋನ್ ಇಟ್ಟರು.

ಗುಣವಾದ ಮೇಲೆ ಒಂದು ಮಧ್ಯಾಹ್ನ ಕಿಟಕಿಯ ಬಿಸಿಲಿನಲ್ಲಿ ಕೂತು ಅದನ್ನು ಕೇಳಿದೆ. ಇದೇ ದನಿಯನ್ನು ನಾಳೆ ಯಾವುದೋ ಊರಿನಲ್ಲಿ, ನಾನು ಎಂದೂ ಭೇಟಿಯಾಗದ ಯಾರೋ ಒಬ್ಬರು ಒಬ್ಬರೇ ಕೂತು ಕೇಳುತ್ತಾರೆ. ಅವರ ಪಕ್ಕದಲ್ಲಿ ಚಾಳೀಸು ತೆಗೆದು ಓದಿ ಹೇಳುವವರು ಯಾರೂ ಇರಲಿಕ್ಕಿಲ್ಲ. ಹಾಗೆಂದುಕೊಂಡು, ಒಪ್ಪಿಗೆಯ ಗುಂಡಿ ಒತ್ತುವ ಮುಂಚೆ ಇನ್ನೊಮ್ಮೆ ಪೂರ್ತಿ ಕೇಳಿದೆ.