ಹೆಗ್ಗಣಕ್ಕೆ ತಕ್ಕ ತೋಟಾ

ಬಂದವರಿಗೆ ತೋರಿಸಿ ಜಂಬಪಡಲು ಒಂದೊಂದು ಮನೆಯಲ್ಲೂ ಒಂದೊಂದು ವಸ್ತು ಇರುತ್ತಿದ್ದ ಕಾಲ ಅದು. ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಒಬ್ಬರಿಗೆ ಬಣ್ಣದ ಟಿ.ವಿ. ಇತ್ತು, ಇನ್ನೊಬ್ಬರಿಗೆ ಗಾಜಿನ ತೊಟ್ಟಿಯಲ್ಲಿ ಕೆಂಪು ಮೀನುಗಳಿದ್ದವು. ನಮಗೆ ತಾತನ ರೈಫಲ್ಲಿತ್ತು. ವಾರವೆಲ್ಲ ಬೀರುವಿನಲ್ಲಿ ಬೀಗದೊಳಗಿದ್ದು, ಭಾನುವಾರ ಮಾತ್ರ ಹೊರಗೆ ಬಂದು, ಚಾಪೆಯ ಮೇಲೆ ಮಲಗಿ ಎಣ್ಣೆ ಹಚ್ಚಿಸಿಕೊಂಡು ಮತ್ತೆ ಒಳಗೆ ಹೋಗುತ್ತಿತ್ತು. ಆ ಎಣ್ಣೆಯ ವಾಸನೆಗೆ ಅಜ್ಜಿಯ ಹುಳಿಯ ಘಮ ಬೆರೆತರೆ ನನಗೆ ಭಾನುವಾರ ಶುರುವಾದಂತೆ.

ತಾತ ತರಗುಪೇಟೆಯಲ್ಲಿ ಬೇಳೆಕಾಳಿನ ವ್ಯಾಪಾರಿ. ಊರಿನಲ್ಲಿ ಹೊಲವಿದ್ದಾಗ ಬೆಳೆ ಕಾಯಲೆಂದು ಲೈಸೆನ್ಸ್ ಮಾಡಿಸಿದ್ದರು. ಹೊಲ ಹೋಯಿತು, ಬಂದೂಕು ಅವರ ಜೊತೆ ಬೆಂಗಳೂರಿಗೆ ಬಂತು. "ಇಲ್ಲಿ ಯಾವ ಬೆಳೆ ಕಾಯ್ತೀರಿ? ನನ್ನ ಕರಿಬೇವಿನ ಗಿಡಾನಾ?" ಎಂದು ಅಜ್ಜಿ ಆಗಾಗ ಚುಚ್ಚುತ್ತಿದ್ದಳು. ತಾತ ಕೇಳಿಸದವರಂತೆ ನಳಿಗೆ ಒರೆಸುತ್ತಿದ್ದರು.

ನನಗೆ ರೈಫಲ್ಲಿಗಿಂತ ಅದಕ್ಕೆ ತುಂಬುವ ತೋಟಾಗಳ ಮೇಲೆ ಹೆಚ್ಚು ಮೋಹ. ಬಿಸ್ಕತ್ತಿನ ಹಳೆಯ ಡಬ್ಬಿಯೊಂದರಲ್ಲಿ ಮೂರು ಬಟ್ಟೆ ಚೀಲ. ಒಂದರಲ್ಲಿ ಗಿಡ್ಡ ತೋಟಾ, ಒಂದರಲ್ಲಿ ಉದ್ದ ತೋಟಾ, ಮೂರನೆಯದರಲ್ಲಿ ಗುಂಡಿನ ತುದಿಗೆ ಸಣ್ಣ ಗುಳಿ ಇದ್ದದ್ದು. ಗಿಡ್ಡದ್ದು ಹತ್ತಿರದ ಗುರಿಗೆ, ಡಬ್ಬಿ ಉರುಳಿಸಿ ಕೈ ಪಳಗಿಸಿಕೊಳ್ಳಲು. ಉದ್ದದ್ದು ದೂರಕ್ಕೆ, ನೇರಕ್ಕೆ. ಗುಳಿಯದ್ದು ತಾಗಿದೊಡನೆ ಅರಳಿ ಅಲ್ಲೇ ನಿಲ್ಲುತ್ತದೆ, ಆಚೆ ಬದಿಗೆ ದಾಟಿ ಹೋಗುವುದು ಕಡಿಮೆ. ಕಾಡುಹಂದಿ ಬಂದರೆ ಎಂದು ನಾನು ಕೇಳಿದ್ದಕ್ಕೆ ತಾತ, "ಹಂದಿಗೆ ಈ ಮೂರೂ ಕಚಗುಳಿ ಇಟ್ಟಂಗೆ ಮಗಳೇ. ಅದಕ್ಕೆ ದೊಡ್ಡ ಬಂದೂಕೇ ಬೇರೆ," ಎಂದಿದ್ದರು. ಕೊನೆಯಲ್ಲಿ ಯಾವಾಗಲೂ ಒಂದೇ ಮಾತು: "ಮೊದ್ಲು ಕೆಲಸ ಯಾವ್ದು ಹೇಳು. ತೋಟಾ ಆಮೇಲೆ." ಕೊಡೆ ಕೊಳ್ಳುವಾಗಲೂ, ಪೊರಕೆ ಆರಿಸುವಾಗಲೂ ಅವರು ಇದನ್ನೇ ಹೇಳಿ ಅಂಗಡಿಯವರ ತಲೆ ತಿನ್ನುತ್ತಿದ್ದರು.

ಆದರೆ ಆ ರೈಫಲ್ಲಿನ ಸದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಕೇಳಿದ್ದೇನೆಂದು ತರಗತಿಗೆಲ್ಲ ಹೇಳಿಕೊಂಡಿದ್ದೆ, ಅದು ಬೇರೆ. ಎಲ್ಲರೂ ನಂಬಿದರು, ಶೈಲಜಾ ಒಬ್ಬಳನ್ನು ಬಿಟ್ಟು. ಅವಳ ಮನೆ ಓಕಳಿಪುರಂನಲ್ಲಿ, ರೈಲು ಹಳಿಯ ಪಕ್ಕದಲ್ಲೇ. ಸದ್ದಿನ ವಿಷಯಕ್ಕೆ ಬಂದರೆ ತಾನೇ ದೊಡ್ಡ ಪಂಡಿತೆ ಎಂಬ ಧೋರಣೆ.

"ನಮ್ಮನೆ ಹಿಂದೆ ರೈಲು ಹೋದ್ರೆ ಲೋಟ ಅಲ್ಲಾಡತ್ತೆ. ಅದಕ್ಕಿಂತ ಜೋರಾ?"

"ಅದಕ್ಕಿಂತ ಜೋರು."

"ನಂಗೆ ಕೇಳಿಸು, ನೋಡೋಣ."

ಬೇಸಿಗೆ ರಜ ಮುಗಿಯುವುದರೊಳಗೆ ಕೇಳಿಸುತ್ತೇನೆ, ಇಲ್ಲದಿದ್ದರೆ ತರಗತಿಯ ಕಿಟಕಿ ಪಕ್ಕದ ನನ್ನ ಜಾಗ ಅವಳಿಗೆ ಎಂದು ಪಂದ್ಯ ಕಟ್ಟಿದೆ. ಆ ಕಿಟಕಿಯಿಂದ ಐಸ್‌ಕ್ಯಾಂಡಿ ಗಾಡಿ ಕಾಣುತ್ತಿತ್ತು. ಕಳೆದುಕೊಳ್ಳುವಂಥ ಜಾಗವಲ್ಲ ಅದು.

ದೇವರು ನನ್ನ ಕಡೆಗಿದ್ದ. ಆ ಬೇಸಿಗೆಯಲ್ಲೇ ನಮ್ಮ ಹಿತ್ತಲ ಕೋಣೆಗೆ ಹೆಗ್ಗಣವೊಂದು ಬಂದು ಸೇರಿಕೊಂಡಿತು. ಅಂಗಡಿಯಲ್ಲಿ ಹಿಡಿಸದ ತೊಗರಿಬೇಳೆ ಮೂಟೆಗಳನ್ನು ತಾತ ಅಲ್ಲಿ ಇರಿಸುತ್ತಿದ್ದರು. ಅದು ಚಪ್ಪಡಿಯ ಸಂದಿನಲ್ಲಿ ಬಿಲ ತೋಡಿ, ದೀಪ ಹಚ್ಚುವ ಹೊತ್ತಿಗೆ ಹೊರಬಂದು, ಸಂಬಂಧಿಕರ ಮನೆಗೆ ಬಂದಷ್ಟು ಸಲೀಸಾಗಿ ಮೂಟೆ ಹರಿದು ತಿನ್ನುತ್ತಿತ್ತು. ಬೆಕ್ಕು ಒಂದು ಸಲ ನೋಡಿ ಬಂದು, ಮತ್ತೆ ಆ ಕಡೆ ತಲೆ ಹಾಕಲಿಲ್ಲ.

"ಬಂದೂಕು ಇಟ್ಕೊಂಡು ಹೆಗ್ಗಣ ಸಾಕ್ತಿದೀವಲ್ರೀ," ಎಂದಳು ಅಜ್ಜಿ.

ಮಾತು ನಾಟಿತು. ತಾತ ಬನಿಯನ್ನಿನಲ್ಲೇ ಹಿತ್ತಲಿಗೆ ಸ್ಟೂಲು ಹಾಕಿ, ರೈಫಲ್ಲನ್ನು ತೊಡೆಯ ಮೇಲಿಟ್ಟುಕೊಂಡು, ಡಬ್ಬಿ ತೆರೆದರು. ಅವರು ಗಿಡ್ಡ ತೋಟಾ ಕೈಗೆತ್ತಿಕೊಂಡರು.

"ಅದು ಸಾಕಾಗತ್ತಾ? ಹೆಗ್ಗಣ ಎಮ್ಮೆ ಕರು ಥರ ಇದೆ," ಎಂದಳು ಅಜ್ಜಿ. "ಅರ್ಧ ಏಟು ತಿಂದು ಬಿಲದೊಳಗೆ ಹೋಗಿ ಸತ್ರೆ, ನಾರೋದನ್ನ ತೆಗೆಯೋರ್ಯಾರು?"

ತಾತ ಯೋಚಿಸಿ ಅದನ್ನು ಚೀಲಕ್ಕೆ ಹಾಕಿದರು. ಮರುದಿನ ಉದ್ದದ್ದನ್ನು ತೆಗೆದು ತಾವೇ ಗೋಡೆ ತಟ್ಟಿ ನೋಡಿ ತಲೆಯಾಡಿಸಿದರು. ಅದು ಹೆಗ್ಗಣವನ್ನು ತೂರಿಕೊಂಡು ಹೋಗಿ ಕಲ್ಲಿಗೆ ಬಡಿದು ಎಲ್ಲಿಗೆ ಸಿಡಿಯುತ್ತದೋ ಹೇಳಲಾಗದು. ಪಕ್ಕದ ಮನೆಯವರು ಅದೇ ಹೊತ್ತಿಗೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಾರೆ. ಹಾಗಾದರೆ ಗುಳಿಯದ್ದೇ ಸರಿ ಎಂದು ನಾನು ಕುಣಿದೆ. ಅಜ್ಜಿ ಅದಕ್ಕೂ ಕಲ್ಲು ಹಾಕಿದಳು.

"ಅರಳತ್ತೆ ಅಂತೀರಿ. ರಕ್ತ ಬೇಳೆ ಮೇಲೆ ಸಿಡಿದ್ರೆ ಆ ಬೇಳೆ ಯಾರಿಗೆ ಮಾರ್ತೀರಿ?"

ಹೀಗೇ ದಿನಗಳು ಹೋದವು. ಮೂಟೆ ಸರಿಸಿ ನೋಡಿದರು, ಹಿಂದೆ ಮರಳಿನ ಚೀಲ ಪೇರಿಸಿ ನೋಡಿದರು. ಹೆಗ್ಗಣ ಮರಳಿನ ಚೀಲವನ್ನೂ ಹರಿಯಿತು. ಒಂದು ಸಂಜೆಯಂತೂ ತಾತ ಮೂರು ತೋಟಾಗಳನ್ನು ಅಂಗೈಯಲ್ಲಿಟ್ಟುಕೊಂಡು ನನಗೆ ಪಾಠ ಹೇಳುತ್ತಿದ್ದಾಗ, ಅದು ಬಿಲದ ಬಾಯಲ್ಲಿ ಕೂತು ಕೇಳಿಸಿಕೊಂಡು, ಮೀಸೆ ಒರೆಸಿಕೊಂಡು ಒಳಗೆ ಹೋಯಿತು. ನನಗೆ ಅಳು ಬಂತು. ಕಿಟಕಿ, ಐಸ್‌ಕ್ಯಾಂಡಿ ಗಾಡಿ, ಎಲ್ಲ ಶೈಲಜಾಳ ಪಾಲಾಗುವುದು ಕಣ್ಣಿಗೆ ಕಟ್ಟಿದಂತಿತ್ತು.

ಅಷ್ಟರಲ್ಲಿ ಚುನಾವಣೆ ಬಂತು. ಚುನಾವಣೆ ಎಂದರೆ ಲೈಸೆನ್ಸಿನ ಬಂದೂಕುಗಳೆಲ್ಲ ಪೊಲೀಸ್ ಠಾಣೆಗೆ. ಪೇದೆಯೊಬ್ಬರು ಬಾಗಿಲಿಗೆ ಬಂದು, "ಯಜಮಾನ್ರೇ, ನಾಳೆ ತಂದು ಒಪ್ಪಿಸ್ಬಿಡಿ," ಎಂದು ಹೇಳಿ, ಮಜ್ಜಿಗೆ ಕುಡಿದು ಹೋದರು. ಉಳಿದದ್ದು ಒಂದೇ ಸಂಜೆ.

ಆ ಸಂಜೆ ಅಜ್ಜಿ ಯಾರನ್ನೂ ಕೇಳದೆ ಅಟ್ಟದಿಂದ ದೊಡ್ಡ ಬೋನು ಇಳಿಸಿದಳು. ನಾನು ಒಳಗಿಡಲು ಕೊಬ್ಬರಿ ಚೂರು ತಂದುಕೊಟ್ಟೆ.

"ಕೊಬ್ಬರಿ ಇಲಿಗೆ ಕಣೇ. ಹೆಗ್ಗಣ ಇದಕ್ಕೆಲ್ಲ ಬಗ್ಗಲ್ಲ."

"ವಡೆ ಇಡೋಣ್ವಾ?"

"ದಿನಾ ಬೇಳೆ ತಿನ್ನೋದು ಬೇಳೆ ವಡೆಗೆ ಬರತ್ತಾ? ಅದಕ್ಕೆ ಈಗ ಬಾಯಿ ಕೆಟ್ಟಿರತ್ತೆ. ಈರುಳ್ಳಿ ಬಜ್ಜಿ ಹಾಕ್ಬೇಕು. ಬಿಸಿಬಿಸಿ."

ತಾತ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಅವರ ಮುಖ ಅರಳಿತು. "ನೋಡ್ದ್ಯಾ! ನಾನು ಹೇಳೋದೂ ಇದನ್ನೇ!" ಎಂದು, ಅಜ್ಜಿಯ ಆಯ್ಕೆಯನ್ನು ಪರೀಕ್ಷಿಸುವ ನೆಪದಲ್ಲಿ ನಾಲ್ಕು ಬಜ್ಜಿ ತಿಂದರು. ಐದನೆಯದು ಬೋನಿಗೆ ಹೋಯಿತು.

ಬೆಳಿಗ್ಗೆ ಹೆಗ್ಗಣ ಬೋನಿನಲ್ಲಿತ್ತು. ಅದೇ ಹೊತ್ತಿಗೆ ಶೈಲಜಾಳ ಅಮ್ಮ ಕಲಾಸಿಪಾಳ್ಯಕ್ಕೆ ತರಕಾರಿಗೆ ಹೋಗುತ್ತಾ ಅವಳನ್ನು ನಮ್ಮ ಮನೆಯಲ್ಲಿ ಬಿಟ್ಟುಹೋದರು. ಬೋನು ಬಟ್ಟೆ ಒಗೆಯುವ ಕಲ್ಲಿನ ಮೇಲೆ, ರೈಫಲ್ಲು ತಾತನ ಕೈಯಲ್ಲಿ, ಠಾಣೆಗೆ ಹೊರಡಲು ಇನ್ನೂ ಹೊತ್ತಿದೆ. ನನ್ನ ಜಾಗ ಉಳಿಯಿತು ಎಂದುಕೊಂಡೆ.

"ಹೊಡಿ ತಾತ! ಈಗ ತಪ್ಪೋದೇ ಇಲ್ಲ!"

ಶೈಲಜಾ ಕಿವಿಗೆ ಬೆರಳು ಹಾಕಿಕೊಂಡು ಸಿದ್ಧಳಾದಳು. ಅಜ್ಜಿಯೂ, "ಹೊಡೀರಿ ಮತ್ತೆ, ಇಲ್ಲಿ ಬೇಳೆನೂ ಇಲ್ಲ, ಬಿಲಾನೂ ಇಲ್ಲ," ಎಂದಳು.

ತಾತ ಹೆಗ್ಗಣವನ್ನು ನೋಡಿದರು. ಅದು ಬೋನಿನ ಮೂಲೆಗೆ ಮುದುಡಿಕೊಂಡಿತ್ತು. ಮೀಸೆಗೆ ಬಜ್ಜಿಯ ಹಿಟ್ಟು ಹತ್ತಿತ್ತು, ಹೊಟ್ಟೆ ಏದುಸಿರಿಗೆ ಏಳುತ್ತಿತ್ತು ಬೀಳುತ್ತಿತ್ತು. ತಾತ ಡಬ್ಬಿ ತೆರೆದು ಮೂರೂ ಚೀಲಗಳನ್ನು ಮುಟ್ಟಿದರು. ನನ್ನ ಕಡೆ ತಿರುಗಿದರು.

"ಕೆಲಸ ಯಾವ್ದು ಹೇಳು?"

"ಬೋನಲ್ಲಿರೋ ಹೆಗ್ಗಣ ಹೊಡೆಯೋದು."

"ಅದಕ್ಕೆ ತೋಟಾ ಇಲ್ಲ ಮಗಳೇ," ಎಂದು ಡಬ್ಬಿ ಮುಚ್ಚಿದರು. "ಯಾರೂ ಮಾಡಿಲ್ಲ."

ನಾನು ನೆಲಕ್ಕೆ ಕಾಲು ಬಡಿದು ಅತ್ತೆ. ಅಜ್ಜಿ ಒಳಗೆ ಹೋಗಿ, ರೈಫಲ್ಲಿಗೆ ಸುತ್ತಲು ಹಳೆಯ ಬೆಡ್‌ಶೀಟು ತಂದುಕೊಟ್ಟಳು.

ಒಂದೇ ಆಟೋದಲ್ಲಿ ತಾತ, ನಾವಿಬ್ಬರು, ರೈಫಲ್ಲು ಮತ್ತು ಹೆಗ್ಗಣ ಹೊರಟೆವು. ಆಟೋದವನು ಕನ್ನಡಿಯಲ್ಲಿ ನೋಡಿ ನೋಡಿ ತಡೆಯಲಾರದೆ ಕೇಳಿದ.

"ಬೆಡ್‌ಶೀಟಲ್ಲಿ ಏನ್ ಯಜಮಾನ್ರೇ?"

"ಬಂದೂಕು."

"ಬೋನಲ್ಲಿ?"

"ಹೆಗ್ಗಣ."

"ಬಂದೂಕು ಇದ್ದೂ ಬೋನಾ?"

"ಸರಿಯಾದ ತೋಟಾ ಸಿಗ್ಲಿಲ್ಲಪ್ಪ."

ಅವನು ಕನ್ನಡಿಯನ್ನು ಬೇರೆ ಕಡೆಗೆ ತಿರುಗಿಸಿಕೊಂಡ. ಹೆಗ್ಗಣವನ್ನು ಎಲ್ಲಿ ಬಿಡುವುದೆಂದು ತಾತ ಕೇಳಿದಾಗ ಶೈಲಜಾ, "ನಮ್ಮ ಓಕಳಿಪುರಂ ಒಂದು ಬಿಟ್ಟು ಎಲ್ಲಿ ಬೇಕಾದ್ರೂ ಬಿಡಿ ತಾತ," ಎಂದಳು. ದಾರಿಯಲ್ಲಿ ಸಿಕ್ಕ ದೊಡ್ಡ ಮೋರಿಯ ಬಳಿ ಬೋನಿನ ಬಾಗಿಲು ತೆಗೆದೆವು. ಅದು ಹಿಂದಿರುಗಿಯೂ ನೋಡದೆ ಓಡಿತು.

ಠಾಣೆಯಲ್ಲಿ ಅದೇ ಪೇದೆ ರೈಫಲ್ಲು ಬಿಡಿಸಿ ನೋಡುತ್ತಿದ್ದಾಗ ಶೈಲಜಾ ಕೇಳಿಯೇಬಿಟ್ಟಳು. "ತಾತ, ನೀವು ಹೊಡೆದಿದ್ರೆ ಎಷ್ಟು ಜೋರು ಸದ್ದು ಬರ್ತಿತ್ತು?"

ತಾತ ಅತ್ತು ಊದಿದ ನನ್ನ ಮುಖವನ್ನೊಮ್ಮೆ ನೋಡಿದರು. "ಲಾಲ್‌ಬಾಗಲ್ಲಿರೋ ಹಕ್ಕಿಗಳೆಲ್ಲ ಎದ್ದು ಮಲ್ಲೇಶ್ವರಕ್ಕೆ ಹೋಗಿ ಕೂರ್ತಿದ್ವು."

"ರೈಲಿಗಿಂತ ಜೋರಾ?"

"ರೈಲೇ ನಿಂತು ಕೇಳ್ತಿತ್ತು."

ಪೇದೆ ಆ ಸಣ್ಣ ನಳಿಗೆಯನ್ನು ನೋಡಿ, ತಾತನನ್ನು ನೋಡಿ, ಗಂಟಲು ಸರಿಮಾಡಿಕೊಂಡರು. "ಹೌದಮ್ಮ," ಎಂದರು. "ಅದಕ್ಕೇ ನಾವು ಬೀಗ ಹಾಕಿ ಇಡೋದು."

ಶಾಲೆ ಶುರುವಾದ ದಿನ ಶೈಲಜಾ ಪಂದ್ಯದಂತೆ ಕಿಟಕಿ ಪಕ್ಕ ಕೂತಳು. ಸ್ವಲ್ಪ ಹೊತ್ತಿಗೆ, "ಲಾಲ್‌ಬಾಗ್ ಹಕ್ಕಿಗಳು ಎದ್ದಿದ್ರೆ ಇಲ್ಲಿಂದ ಕಾಣಿಸ್ತಿತ್ತಲ್ವೇನೇ?" ಎಂದು ಸರಿದು ನನಗೂ ಜಾಗ ಕೊಟ್ಟಳು. ಆಮೇಲೆ ಎಲ್ಲಿ ದೊಡ್ಡ ಸದ್ದಾದರೂ ನನ್ನನ್ನು ತಿವಿದು ಕೇಳುವುದು ರೂಢಿಯಾಯಿತು. ಗುಡುಗಿಗೆ, ಲಾರಿಯ ಟೈರು ಸಿಡಿದದ್ದಕ್ಕೆ, ಗಣಿತದ ಮೇಷ್ಟ್ರ ಸೀನಿಗೆ: "ಇದಕ್ಕಿಂತ ಜೋರಾ?"

ಕಾಲೇಜಿನಲ್ಲಿ ಕೆಡೆಟ್ ಆದಾಗ ಗುರಿ ಹೊಡೆಯುವ ಮೈದಾನದಲ್ಲಿ ನನ್ನ ಕೈಗೆ ಅಂಥದ್ದೇ ರೈಫಲ್ಲು ಕೊಟ್ಟರು. ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿಕೊಂಡು ಟ್ರಿಗರ್ ಒತ್ತಿದೆ. ಟಪ್ ಎಂದಿತು. ಅಷ್ಟೇ. ಪಕ್ಕದ ಬೇಲಿಯ ಮೇಲೆ ಕೂತಿದ್ದ ಮೈನಾ ಕೂಡ ಏಳಲಿಲ್ಲ. ತಾತ ಆಗ ಇರಲಿಲ್ಲ. ಇದ್ದಿದ್ದರೆ ಹೋಗಿ ಜಗಳವಾಡುತ್ತಿದ್ದೆ. ಆಮೇಲೆ ಬಹುಶಃ ಅವರ ಪಕ್ಕ ಕೂತು ಹೊಟ್ಟೆ ತುಂಬ ನಗುತ್ತಿದ್ದೆ.

ಮುಪ್ಪಿನಲ್ಲಿ ಅವರು ಲೈಸೆನ್ಸನ್ನೂ ರೈಫಲ್ಲನ್ನೂ ಸರ್ಕಾರಕ್ಕೆ ಒಪ್ಪಿಸಿಬಿಟ್ಟಿದ್ದರು. ಆ ಮನೆ ಇದ್ದಲ್ಲಿ ಈಗ ನಾಲ್ಕು ಅಂತಸ್ತಿನ ಕಟ್ಟಡವಿದೆ, ಹಿತ್ತಲಿದ್ದಲ್ಲಿ ಕಾರು ನಿಲ್ಲಿಸುತ್ತಾರೆ. ಹೆಗ್ಗಣ ಬಂದರೆ ಫೋನು ಮಾಡಿದರಾಯಿತು, ಔಷಧಿ ಹೊಡೆಯುವವರು ಬಂದು ಹೋಗುತ್ತಾರೆ. ಕೆಲಸ ಯಾವುದು ಎಂದು ಕೇಳಿ, ಬೇಸಿಗೆಯಿಡೀ ಯೋಚಿಸಿ, ಕೊನೆಗೆ ಮಾಡದೇ ಬಿಡುವಷ್ಟು ಪುರುಸೊತ್ತು ಯಾರಿಗೂ ಇಲ್ಲ, ನನಗೂ ಇಲ್ಲ. ಅದು ನೆನಪಾದಾಗ ನನಗೆ ತಾತ ತುಂಬಾ ಬೇಕೆನಿಸುತ್ತದೆ.

ದೀಪಾವಳಿಗೆ ಶೈಲಜಾ ಈಗಲೂ ತಪ್ಪದೆ ಫೋನು ಮಾಡುತ್ತಾಳೆ. ಹಬ್ಬದ ಶುಭಾಶಯವಿಲ್ಲ, ಹೇಗಿದೀಯಾ ಇಲ್ಲ. ಅವಳ ಬೀದಿಯಲ್ಲಿ ದೊಡ್ಡ ಪಟಾಕಿಯೊಂದು ಸಿಡಿಯುವವರೆಗೆ ಫೋನನ್ನು ಕಿಟಕಿಯಾಚೆ ಹಿಡಿದಿದ್ದು, ಆಮೇಲೆ ಕೇಳುತ್ತಾಳೆ.

"ಇದಕ್ಕಿಂತ ಜೋರಾ?"

"ಇದಕ್ಕಿಂತ ಜೋರು ಕಣೇ," ಎನ್ನುತ್ತೇನೆ ನಾನು.