ನಿಂಗಮ್ಮನ ದಿಗ್ಭ್ರಮೆ

ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದೆ, ಮಾತೂ ಅಲ್ಲಲ್ಲಿ ಎಡವಿದೆ. ಬರೆದ ಲತಾಮಣಿ ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು; ಓದುವವರು ಕ್ಷಮಿಸಬೇಕು.

ಮುತ್ತಂಗದ ಬಳಿಯ ಹಾಡಿಯಿಂದ ಹೆಂಗಸರು ಸೀಗೆಕಾಯಿಗೆ ಕಾಡಿಗೆ ಹೊರಟರೆ ಮುಂದೆ ನಡೆಯುವವಳು ಲತಾಮಣಿಯ ಅಜ್ಜಿ ನಿಂಗಮ್ಮ. ಮೂವತ್ತು ವರ್ಷದಿಂದ ಆ ಜಾಗ ಅವಳದೇ. ಅವಳು ಮೂಗೆತ್ತಿ ಗಾಳಿ ಹಿಡಿದರೆ ಎಲೆಯಡಿಕೆ ಅಗಿಯುವವರೂ ಬಾಯಿ ನಿಲ್ಲಿಸಬೇಕು. ಆದರೆ ಹಾಡಿಯಲ್ಲೊಂದು ಕಟ್ಟಳೆಯಿದೆ: ಮುಂದಿನವಳಿಗೆ ಒಮ್ಮೆ ದಿಕ್ಕು ತಪ್ಪಿತೆಂದರೆ, ಆ ವರ್ಷವೆಲ್ಲ ಅವಳು ಸಾಲಿನ ಕೊನೆಗೆ.

ಕಾಡಿನಲ್ಲಿ ಎಂದೂ ದಾರಿ ತಪ್ಪದ ನಿಂಗಮ್ಮ ಕಳೆದ ವಾರ ಮೀನಂಗಡಿ ಎಂಬ ಪೇಟೆಯಲ್ಲಿ ತಪ್ಪಿದಳು. ಬಟ್ಟೆ ಅಂಗಡಿಗೆ ಒಂದು ಬಾಗಿಲಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬಂದಳು, ಅಷ್ಟೇ. ಬಸ್ ಸ್ಟ್ಯಾಂಡ್ ಮಾಯ; ಅಲ್ಲೇ ಕಲ್ಲಾಗಿ ನಿಂತಳು. ಕಾಡಿನಲ್ಲಿ ಮರೆವಿನ ಬಳ್ಳಿ ತುಳಿದು ದಾರಿ ಮರೆತವರು, ಅದು ಮತ್ತೆ ನೆನಪಾಗಲೆಂದು, ತಲೆವಸ್ತ್ರವನ್ನು ಒಳಮಗ್ಗುಲು ಹೊರಗೆ ಮಾಡಿ ಕಟ್ಟುತ್ತಾರೆ. ಅವಳೂ ಅಂಗಡಿಯ ಮೆಟ್ಟಿಲ ಮೇಲೆ ಕೂತು ಹಾಗೆಯೇ ಕಟ್ಟಿಕೊಂಡಳು. ಕಂಡವಳು ಪಕ್ಕದ ಮನೆಯ ಕುಂಞಿ. ಕೈಹಿಡಿದು ಬಸ್ಸಿಗೆ ಹತ್ತಿಸಿದಳು. ಬಸ್ಸಿಗಿಂತ ಮೊದಲು ಸುದ್ದಿ ಹಾಡಿ ಮುಟ್ಟಿತು.

ಮನೆಗೆ ಬಂದ ಅಜ್ಜಿ, ತಾನು ಹಾಗೆ ಕಲ್ಲಾಗಿ ನಿಂತದ್ದಕ್ಕೆ ಹೆಸರೇನೆಂದು ಮೊಮ್ಮಗಳನ್ನು ಕೇಳಿದಳು. ಲತಾಮಣಿ ಗುಂಡ್ಲುಪೇಟೆಯಿಂದ ತಂದ ನಿಘಂಟಿನಲ್ಲಿ ಬೆರಳಿಟ್ಟು ಹುಡುಕಿ ದಿಗ್ಭ್ರಮೆ ಎಂದು ಓದಿದಳು. ದಿಕ್ಕು, ಭ್ರಮೆ ಎರಡೂ ಸೇರಿ ಆದ ಮಾತು; ದಿಕ್ಕು ತಿಳಿಯದೆ ಹೋಗುವುದು, ಏನೂ ತೋಚದೆ ಬೆಪ್ಪಾಗುವುದು. ಅಜ್ಜಿ ಮೂರು ಸಲ ಓದಿಸಿ ಕೇಳಿಕೊಂಡಳು.

ಸೀಗೆಕಾಯಿಗೆ ಹೊರಡುವ ಮೊದಲ ಬೆಳಿಗ್ಗೆ ಮಂಜು ಕವಿದಿತ್ತು. ಸಾಲಿನ ಮುಂದೆ ಕುಂಞಿ ನಿಂತಿದ್ದಳು.

“ನಿಂಗವ್ವ, ನೀ ಹಿಂದ್ಗಡೆ ಬಾ. ಬಟ್ಟೆ ಅಂಗ್ಡಿ ಸಿಕ್ರೆ ಕರೀತೀವಿ.”

ನಿಂಗಮ್ಮನ ಮುಖ ಸಣ್ಣದಾಯಿತು. ಆದರೂ ಜಾಗ ಬಿಡಲಿಲ್ಲ.

“ಬೆಪ್ಪಾಗಿ ನಿಂತಿದ್ದು ದಿಟ, ಮಗ್ಳೇ. ದಿಕ್ಕು ತಪ್ಪಿರ್ಲಿಲ್ಲ. ಪಡುವಲು ಯಾವ್ಕಡೆ ಅಂತ ಅಲ್ಲೂ ಗೊತ್ತಿತ್ತು. ಬಸ್ ಸ್ಟ್ಯಾಂಡೂ ಒಂದ್ ದಿಕ್ಕಾ?”

ನೋಡೇಬಿಡೋಣ ಎಂದು ಕುಂಞಿ ಅವಳ ತಲೆವಸ್ತ್ರವನ್ನೇ ಕಣ್ಣಿಗೆ ಕಟ್ಟಿ, ಬುಗುರಿಯ ಹಾಗೆ ಮೂರು ಸುತ್ತು ತಿರುಗಿಸಿ ಬಿಟ್ಟಳು. ನಿಂಗಮ್ಮ ಒಂದು ಗಳಿಗೆ ತೂರಾಡಿದಳು. ಮೂಗೆತ್ತಿದಳು. ಎಲೆಯಡಿಕೆಯವರು ಬಾಯಿ ನಿಲ್ಲಿಸಿದರು. ಅವಳ ಕೈ ನೇರ ಪಡುವಲಿಗೆ ಎದ್ದಿತು.

ಕುಂಞಿ ಪಕ್ಕಕ್ಕೆ ಸರಿದಳು. “ಕಾಡಿಗೆ ನೀನೇ ಮುಂದೆ. ಮೀನಂಗಡಿಗೆ ನಾನು,” ಎಂದಳು.

ನಾಳೆ ಲತಾಮಣಿ ಇದನ್ನು ಅಜ್ಜಿಗೆ ಓದಿ ಹೇಳುತ್ತಾಳೆ. ತಪ್ಪಿದ್ದಲ್ಲಿ ತಿದ್ದಿ ಬರೆಯುತ್ತಾಳೆ.