ಬೆರಳು ಕಲಿತ ನಾಲ್ಕು ಅಂಕಿ

ಸಿಕಂದರಾಬಾದಿನ ಹತ್ತಿರ ಸನತ್‌ನಗರದ ನಮ್ಮ ಬ್ಯಾಂಕ್ ಶಾಖೆಗೆ ಎಟಿಎಂ ಬಂದ ಹೊಸತರಲ್ಲಿ ಅದನ್ನು ಬಳಸುವುದು ಹೇಗೆಂದು ಜನರಿಗೆ ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಶಾಖೆಯಲ್ಲಿ ಕನ್ನಡ ಬರುತ್ತಿದ್ದವನು ನಾನೊಬ್ಬನೇ. ಕಲಬುರ್ಗಿ, ಯಾದಗಿರಿ ಕಡೆಯಿಂದ ದುಡಿಯಲು ಬಂದು ಕಾರ್ಖಾನೆಗಳ ಹಿಂದಿನ ಓಣಿಗಳಲ್ಲಿ ನೆಲೆಸಿದ್ದವರು ಕೌಂಟರುಗಳ ಉದ್ದಕ್ಕೂ ಕಣ್ಣು ಹಾಯಿಸಿ ನನ್ನ ಮುಂದೆಯೇ ಬಂದು ನಿಲ್ಲುತ್ತಿದ್ದರು. ಅವರಲ್ಲಿ ಅನೇಕರಿಗೆ ಅಂಕಿ ಓದಲು ಬರುತ್ತಿರಲಿಲ್ಲ. ನೋಟನ್ನು ಬಣ್ಣದಿಂದ, ಬಸ್ಸನ್ನು ಕಂಡಕ್ಟರನ ಕೂಗಿನಿಂದ ಗುರುತು ಹಿಡಿಯುವವರು.

ಅವರಿಗಾಗಿ ನಾನೊಂದು ಉಪಾಯ ಕಂಡುಕೊಂಡೆ. ಅಂಕಿಯನ್ನು ನೋಡಲೇಬೇಡಿ, ಬೆರಳಿಗೆ ದಾರಿ ಕಲಿಸಿ ಎನ್ನುತ್ತಿದ್ದೆ. ಗುಂಡಿಗಳು ಮೂರು ಸಾಲು, ಸಾಲಿಗೆ ಮೂರು. ಕೆಳಗೆ ಒಂದು ಒಂಟಿ ಗುಂಡಿ. ನಿಮಗೆ ಬೇಕಾದ ನಾಲ್ಕು ಜಾಗ ಆರಿಸಿಕೊಳ್ಳಿ, ಅದೇ ದಾರಿಯಲ್ಲಿ ಬೆರಳು ಮತ್ತೆ ಮತ್ತೆ ನಡೆಯಲಿ, ಆಮೇಲೆ ಕಣ್ಣು ಮುಚ್ಚಿದರೂ ಅದು ತಪ್ಪುವುದಿಲ್ಲ. ಅವರು ಆರಿಸಿಕೊಳ್ಳುವಾಗ ನಾನು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ. ಯಾರಿಗೂ ತೋರಿಸಬಾರದು, ಹೆತ್ತ ಮಗ ಕೇಳಿದರೂ ತೋರಿಸಬಾರದು ಎಂದು ಪ್ರತಿಯೊಬ್ಬರಿಂದಲೂ ಮಾತು ತೆಗೆದುಕೊಳ್ಳುತ್ತಿದ್ದೆ. ಮ್ಯಾನೇಜರು ನನ್ನ ಬೆನ್ನು ತಟ್ಟಿದ್ದರು. ನನಗೂ ಅದರ ಬಗ್ಗೆ ಹೆಮ್ಮೆಯಿತ್ತು. ಅದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ, ಏಕೆಂದರೆ ಮುಂದೆ ಆದದ್ದರಲ್ಲಿ ಆ ಹೆಮ್ಮೆಯದೂ ಪಾಲಿದೆ.

ಹೀಗೆ ಕಲಿತವರಲ್ಲಿ ಒಬ್ಬ ಹೆಂಗಸಿದ್ದಳು. ನನಗಿಂತ ಹತ್ತು ವರ್ಷಕ್ಕೆ ಹಿರಿಯಳು. ನಾನು ಅಕ್ಕಾರ ಎನ್ನುತ್ತಿದ್ದೆ. ಬಾಣಂತಿಯರಿಗೆ ಎಣ್ಣೆ ತಿಕ್ಕುವುದು, ಕೂಸುಗಳನ್ನು ಚಾಚಿದ ಕಾಲ ಮೇಲೆ ಮಲಗಿಸಿಕೊಂಡು ನೀರು ಎರೆಯುವುದು ಆಕೆಯ ಕಸುಬು. ಮೊದಲು ಓಣಿಯ ಮನೆಗಳಿಗೆ ಹೋಗುತ್ತಿದ್ದಳು. ಸಾಫ್ಟ್‌ವೇರ್ ಕಂಪನಿಗಳು ಬಂದು ಊರು ಪಶ್ಚಿಮಕ್ಕೆ ಬೆಳೆದ ಮೇಲೆ ದೊಡ್ಡ ಅಪಾರ್ಟ್‌ಮೆಂಟುಗಳಿಂದ ಆಕೆಯನ್ನು ಕರೆದೊಯ್ಯಲು ಕಾರು ಬರತೊಡಗಿತು. ಒಮ್ಮೆ ಬೀದರ್ ಕಡೆಯ ದಂಪತಿ, ಗಂಡನ ಕಂಪನಿ ಕೆಲಸದ ಮೇಲೆ ಯುರೋಪಿನ ಒಂದು ಚಿಕ್ಕ ಊರಿಗೆ ಹೊರಟವರು, ಆಕೆಯನ್ನು ಬಾಣಂತನಕ್ಕೆಂದು ಮೂರು ತಿಂಗಳ ಮಟ್ಟಿಗೆ ಜೊತೆಗೆ ಕರೆದುಕೊಂಡು ಹೋದರು. ಬಸುರಿಯ ತಾಯಿ ತೀರಿಕೊಂಡಿದ್ದರು. ಅತ್ತೆ ಸೊಂಟ ಮುರಿದುಕೊಂಡು ಮಲಗಿದ್ದರು.

ಹೊರಡುವ ಮುಂಚೆ ಅಕ್ಕ ಶಾಖೆಗೆ ಬಂದು ಕಾರ್ಡನ್ನು ನನ್ನ ಮೇಜಿನ ಮೇಲಿಟ್ಟಳು.

"ಸಾಹೇಬ್ರ, ಇದು ಅಲ್ಲಿ ನಡೀತೈತೇನ್ರಿ?"

ಕಾರ್ಡಿನ ಮೇಲಿನ ಗುರುತು ನೋಡಿದೆ. ಹೊರದೇಶದಲ್ಲೂ ನಡೆಯುವ ಕಾರ್ಡು.

"ನಡೀತೈತಿ ಅಕ್ಕಾರ. ಎಲ್ಲಿ ಹೋದ್ರೂ ಮಷೀನು ಮಷೀನೇ. ನಿಮ್ಮ ಬೆರಳು ಮರೀದಿದ್ರ ಸಾಕು."

ನಾನು ಅಲ್ಲಿಯವರೆಗೆ ಸಿಕಂದರಾಬಾದಿನಲ್ಲಿ ರೈಲು ಹತ್ತಿ ಹೋದ ಅತಿ ದೂರದ ಊರೆಂದರೆ ಮುಂಬೈ. ಶಾಖೆಯ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ.

ಫೋನು ಬಂದದ್ದು ಒಂದು ಶನಿವಾರ. ಬ್ಯಾಂಕಿಗೆ ಅರ್ಧ ದಿನ. ಶಟರ್ ಅರ್ಧ ಇಳಿದಿತ್ತು, ಗಡಿಯಾರದಲ್ಲಿ ಒಂದೂವರೆ. ಮ್ಯಾನೇಜರು ತಿಜೋರಿಯ ಒಂದು ಕೀಲಿ ಹಿಡಿದು ನನ್ನ ಬಳಿಯಿದ್ದ ಇನ್ನೊಂದಕ್ಕಾಗಿ ಕಾಯುತ್ತಿದ್ದರು.

"ಸಾಹೇಬ್ರ, ನಾನ್ರೀ, ಎರೆಯಾಕಿ. ಈ ಮಷೀನು ನನ್ನ ಗುರುತು ಹಿಡೀವಲ್ದು."

"ಎಷ್ಟು ಸಲ ಒತ್ತಿದ್ರಿ?"

"ಎರಡು ಸಲ. ಎರಡೂ ಸಲ ಕಾರ್ಡ್ ಹೊರಗ ಉಗುಳ್ತು. ಮೂರು ತಪ್ಪಿದ್ರ ನುಂಗತೈತಿ ಅಂತ ನೀವ ಹೇಳಿದ್ರಲ್ರಿ, ಅದಕ್ಕ ತಗೊಂಡು ಮನಿಗೆ ಬಂದೆ."

"ಅವಸರ ಐತೇನ್ರಿ? ಸೋಮವಾರ ನೋಡಿದ್ರ ಆಗೂದಿಲ್ಲೇನು?"

"ಸೋಮವಾರ? ಬಾಣಂತಿಗೆ ಎದಿ ಕಲ್ಲಾಗೈತ್ರಿ. ಮೈ ಕೆಂಡ ಆಗೈತಿ. ಹದಿನಾಕು ದಿನದ ಕೂಸು. ಡಾಕ್ಟರಮ್ಮ ಬಂದು ಔಷಧ ಬರದು ಹೋದ್ಲು. ಇವತ್ತ ಶುರು ಮಾಡ್ಲಿಲ್ಲಂದ್ರ ಎದಿ ಕೊಯ್ಯಬೇಕಾಗ್ತೈತಿ ಅಂದ್ಲಂತ."

ಒಂದೊಂದಾಗಿ ಕೇಳಿ ತಿಳಿದುಕೊಂಡೆ. ಗಂಡ ಬೆಳಿಗ್ಗೆಯಷ್ಟೇ ಅಮೆರಿಕದ ವಿಮಾನ ಹತ್ತಿದ್ದ. ರಾತ್ರಿಯವರೆಗೆ ಫೋನಿಗೆ ಸಿಗುವುದಿಲ್ಲ. ಅಲ್ಲಿಯ ಖಾತೆ ಅವನೊಬ್ಬನ ಹೆಸರಿನಲ್ಲಿತ್ತು. ಬಿಟ್ಟುಹೋದ ಹಣ ಡಾಕ್ಟರಿಗೆ ಮುಗಿದಿತ್ತು. ಅಕ್ಕ ಪಕ್ಕದ ಎರಡು ಬಾಗಿಲು ಬಡಿದಿದ್ದಳು, ಯಾರೂ ತೆರೆದಿರಲಿಲ್ಲ. ಔಷಧದಂಗಡಿಯವರು ನಗದು ಕೇಳಿದ್ದರು, ಮಧ್ಯಾಹ್ನ ಹನ್ನೆರಡಕ್ಕೆ ಮುಚ್ಚುತ್ತಾರೆ, ಭಾನುವಾರ ತೆರೆಯುವುದಿಲ್ಲ. ಅಲ್ಲಿ ಆಗ ಬೆಳಿಗ್ಗೆ ಹತ್ತು ಗಂಟೆ.

"ಹಣದ್ದು ನೀವ್ಯಾಕ್ ಚಿಂತಿ ಮಾಡ್ತೀರಿ, ನನ್ನ ಕಾರ್ಡ್ ಐತಲ್ಲ ಅಂತ ಬಾಣಂತಿಗೆ ಅಂದಾಕಿ ನಾನ," ಎಂದಳು ಅಕ್ಕ. ದನಿ ಕುಗ್ಗಿತ್ತು.

"ಅಕ್ಕಾರ, ಬೆರಳು ದಾರಿ ತಪ್ಪೈತೇನ್ರಿ?"

"ನನ್ನ ಬೆರಳು ತಪ್ಪಂಗಿಲ್ರಿ. ಇಷ್ಟು ಕೂಸುಗೊಳ್ನ ತಿಕ್ಕಿದ ಬೆರಳು."

ಆಗ ನನಗೊಂದು ಅನುಮಾನ ಬಂತು. ಮೇಜಿನ ಮೇಲೆ ನನ್ನ ಕ್ಯಾಲ್ಕುಲೇಟರ್ ಇತ್ತು. ಅದರ ಪಕ್ಕದಲ್ಲೇ ಫೋನು. ಎರಡನ್ನೂ ವರ್ಷಗಟ್ಟಲೆ ಒತ್ತಿದ್ದೇನೆ, ಎರಡರ ಗುಂಡಿಗಳು ಒಂದಕ್ಕೊಂದು ತಲೆಕೆಳಗೆಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಮ್ಯಾಲಿನ ಸಾಲಿನಾಗ ಎಡಗಡೆ ಗುಂಡಿ ಮ್ಯಾಲೆ ಏನು ಚಿತ್ರ ಇತ್ತು, ನೆನಪೈತೇನ್ರಿ?"

"ಕುಡಗೋಲು ಇದ್ದಂಗ."

"ಅದರ ಬಾಜೂಕ?"

"ಎರಡು ಉಂಗುರರಿ, ಒಂದರ ಮ್ಯಾಲೊಂದು."

ಏಳು, ಎಂಟು. ನಮ್ಮ ಯಂತ್ರದಲ್ಲಿ ಒಂದು, ಎರಡು ಇರುವ ಜಾಗ. ಆಕೆಯ ಬೆರಳು ಸರಿಯಾದ ದಾರಿಯಲ್ಲೇ ನಡೆದಿತ್ತು, ನೆಲವೇ ಬೇರೆಯಾಗಿತ್ತು.

ನಿಧಾನವಾಗಿ ಹೇಳಿದೆ. ಮೇಲಿನ ಸಾಲು ಕೆಳಗೆ ಹೋಗಿದೆ, ಕೆಳಗಿನದು ಮೇಲೆ ಬಂದಿದೆ. ನಡುವಿನದು ಅಲ್ಲೇ ಇದೆ. ಒಂಟಿ ಗುಂಡಿಯೂ ಅಲ್ಲೇ. ಎಡ ಎಡವೇ, ಬಲ ಬಲವೇ.

"ತಿಳೀತ್ರಿ," ಎಂದಳು. "ಕೂಸಿನ ತಲಿ ಆ ಕಡೆ ಇದ್ದದ್ದನ್ನ ಈ ಕಡೆ ಹಾಕ್ಕೊಂಡಂಗ."

ಕೂಸಿನ ತಲೆ ಆ ಕಡೆಯಿಂದ ಈ ಕಡೆಗೆ ಬಂದರೆ ಎಡಗೈ ಬಲಕ್ಕೆ ಬರುತ್ತದೆ. ಆಕೆ ಪೂರ್ತಿ ತಿರುಗಿಸುತ್ತಿದ್ದಳು. ಮತ್ತೆ ಹೇಳಿದೆ, ಮತ್ತೆ ಹಾಗೆಯೇ ಒಪ್ಪಿಸಿದಳು. ಉಳಿದಿದ್ದದ್ದು ಒಂದೇ ಸಲ.

ಇನ್ನೊಂದು ದಾರಿ ನನಗೆ ಮೊದಲೇ ಹೊಳೆದಿತ್ತು. ಅವರ ಮನೆಯ ಫೋನಿನ ಗುಂಡಿಗಳು ನಮ್ಮ ಯಂತ್ರದ ಹಾಗೆಯೇ ಇರುತ್ತವೆ. ಅದರ ಮೇಲೆ ಆಕೆ ಬೆರಳಾಡಿಸಿದರೆ, ನೋಡುವ ಬಾಣಂತಿಗೆ ಅಂಕಿಗಳು ತಿಳಿಯುತ್ತವೆ. ಅಲ್ಲಿಯ ಯಂತ್ರದ ಚಿತ್ರ ಬರೆದು ಎಲ್ಲಿ ಒತ್ತಬೇಕೆಂದು ಗುರುತು ಹಾಕಿಕೊಡಬಹುದು. ಆದರೆ ಗುಟ್ಟಿನ ಅಂಕಿಯನ್ನು ಇನ್ನೊಬ್ಬರಿಗೆ ತೋರಿಸಿ ಎಂದು ಬ್ಯಾಂಕಿನವನು ಹೇಳುವಂತಿಲ್ಲ. ನಾಳೆ ಆಕೆಯ ಹಣ ಹೋದರೆ ನನ್ನ ಕೆಲಸ ಹೋಗುತ್ತದೆ. ನಾನು ತಲೆಕೆಳಗಿನ ಪಾಠವನ್ನು ಎರಡು ಸಲ ಹೇಳಲು ಕಾರಣ ಅದೇ. ಅಷ್ಟು ಹೊತ್ತು ಅಲ್ಲಿ ಒಬ್ಬಳು ಜ್ವರದಲ್ಲಿ ಸುಡುತ್ತಿದ್ದಳು.

"ಅಕ್ಕಾರ, ಬಾಣಂತಿಗೆ ತೋರಸ್ರಿ. ಫೋನಿನ ಮ್ಯಾಲೆ ಒತ್ತಿ ತೋರಸ್ರಿ."



"ಅದೆಂಗ್ರಿ ಸಾಹೇಬ್ರ? ಹೆತ್ತ ಮಗಗೂ ತೋರಸಬ್ಯಾಡ ಅಂದವ್ರು ನೀವ. ಕುಡದು ಬಂದು ನನ್ನ ಕೈ ತಿರುವ್ಯಾನ್ರಿ ಅವ. ಆದ್ರೂ ತೋರಸಿಲ್ಲ. ಸಾಹೇಬ್ರಿಗೆ ಮಾತು ಕೊಟ್ಟೀನಿ ಅಂದೆ."

ನನಗೆ ಇದು ಗೊತ್ತಿರಲಿಲ್ಲ. ದಿನಕ್ಕೆ ಹತ್ತು ಜನರಿಗೆ ನಾನು ಹೇಳುತ್ತಿದ್ದ ಮಾತು ಅದು; ಹೇಳಿ ಹೇಳಿ ನನ್ನ ಬಾಯಲ್ಲಿ ಸವೆದುಹೋಗಿತ್ತು. ಆಕೆ ಅದಕ್ಕಾಗಿ ನೋವು ತಿಂದಿದ್ದಳು. ಈಗ ಅದನ್ನು ಬಿಡು ಎನ್ನುವವನೂ ನಾನೇ.

"ಇವತ್ತೊಂದು ದಿನ ತೋರಸ್ರಿ. ನೀವು ತಿರುಗಿ ಬಂದ ದಿನಾನೇ ಹೊಸಾದು ಮಾಡಿ ಕೊಡ್ತೀನಿ. ಏನಾದ್ರೂ ಆದ್ರ ನಂದ ಜವಾಬ್ದಾರಿ."

"ನೀವು ಖರೇನ ಸಾಹೇಬ್ರ ಏನ್ರಿ? ಬ್ಯಾರೆ ಯಾರೂ ಅಲ್ಲಲ್ಲ?"

"ನಾನ ಅಕ್ಕಾರ."

"ಹಂಗಾರ ನನ್ನ ಕಾರ್ಡ್ ಮಾಡಿಸಿದ ದಿನ ನಾ ಏನು ತಂದಿದ್ದೆ ಹೇಳ್ರಿ."

"ಬಾಣಂತಿ ಮನಿ ಅಂಟಿನುಂಡಿ. ನನ್ನ ಹಲ್ಲು ಮುರೀತೈತಿ ಅಂತ ನಕ್ಕಿದ್ರಿ."

ಫೋನು ಕೈ ಬದಲಾಯಿತು. ಬಾಣಂತಿಯ ದನಿ ನಡುಗುತ್ತಿತ್ತು, ಹಲ್ಲು ಕಟಕಟ ಎನ್ನುವುದು ಕೇಳಿಸುತ್ತಿತ್ತು. ಆದರೂ ಅರ್ಧ ಮಾತಿಗೇ ಆಕೆಗೆ ತಿಳಿಯಿತು. ಏಳು, ಎಂಟು, ಒಂಬತ್ತು ಮೇಲಿನ ಸಾಲಿಗೆ ಬರುವಂತೆ ಒಂಬತ್ತು ಗುಂಡಿಯ ಚಿತ್ರ ಬರೆದು ಮೊದಲು ಒತ್ತುವುದಕ್ಕೆ ಒಂದು ಚುಕ್ಕೆ, ಎರಡನೆಯದಕ್ಕೆ ಎರಡು, ಹೀಗೆ ನಾಲ್ಕರವರೆಗೆ ಹಾಕಲು ಹೇಳಿದೆ. ಕೆಳಗಿನ ಒಂಟಿ ಗುಂಡಿಯನ್ನು ಮರೆಯಬೇಡಿ ಎಂದೆ. ಅಕ್ಕ ಒತ್ತಿದಾಗ ನಾಲ್ಕು ಸಲ ಸದ್ದಾಯಿತು. ಆ ಸದ್ದಿನಿಂದ ಏನೂ ತಿಳಿಯುವುದಿಲ್ಲವೆಂದು ಗೊತ್ತಿದ್ದರೂ ರಿಸೀವರನ್ನು ಕಿವಿಯಿಂದ ದೂರ ಹಿಡಿದೆ.

ಅಕ್ಕ ಹೊರಟಳು. ಫೋನಿಟ್ಟೆ. ಮ್ಯಾನೇಜರು ಎದುರಿಗೆ ಬಂದು ಕುಳಿತರು. ಅವರಿಗೆ ಕನ್ನಡ ಬಾರದು. ನಡೆದದ್ದನ್ನೆಲ್ಲ ನಾನೇ ತೆಲುಗಿನಲ್ಲಿ ಹೇಳಿದೆ. ಅವರು ಕೀಲಿಯನ್ನು ಮೇಜಿನ ಮೇಲಿಟ್ಟರು. "ನೀವು ಮಾತಾಡಿದ್ದು ಕನ್ನಡದಲ್ಲಿ. ನನಗೇನು ಅರ್ಥವಾದೀತು?" ಎಂದು ತೆಲುಗಿನಲ್ಲೇ ಹೇಳಿ ಇಬ್ಬರಿಗೂ ಚಹಾ ತರಿಸಿದರು. ಮನೆಗೆ ಮಾತ್ರ ಹೋಗಲಿಲ್ಲ.

ನಾನು ಆ ಚಹಾ ಕುಡಿಯಲಿಲ್ಲ. ಬಾಣಂತಿ ಜ್ವರದ ಕಣ್ಣಿನಿಂದ ಚುಕ್ಕೆ ತಪ್ಪು ಹಾಕಿದ್ದರೆ? ಅಕ್ಕ ಚೀಟಿಯನ್ನೇ ತಿರುವು ಮುರುವು ಹಿಡಿದಿದ್ದರೆ? ಯಾವ ಕಡೆ ಮೇಲು ಎಂದು ಗುರುತು ಹಾಕಲು ನಾನು ಹೇಳಿರಲಿಲ್ಲ. ಅದು ನೆನಪಾದದ್ದು ಫೋನಿಟ್ಟ ಮೇಲೆ. ತಿರುಗಿ ಫೋನ್ ಮಾಡಲು ಆ ಮನೆಯ ನಂಬರು ನನ್ನ ಬಳಿ ಇರಲಿಲ್ಲ.

ನಮ್ಮ ಗಡಿಯಾರದಲ್ಲಿ ಮೂರು ಗಂಟೆಗೆ ಹತ್ತು ನಿಮಿಷವಿದ್ದಾಗ ಫೋನು ಬಂತು.

"ಬಂತ್ರಿ ಸಾಹೇಬ್ರ."

"ಔಷಧ?"

"ಮೊದಲ ಗುಳಿಗಿ ನುಂಗಿಸಿ ಆಮ್ಯಾಲ ನಿಮಗ ಫೋನ್ ಹಚ್ಚಿಸೀನಿ. ಬಿಸಿನೀರಿನ ಅರಿವಿ ಇಟ್ಟು ಎದಿ ನೀವಾಕತ್ತೀನಿ. ಇನ್ನೂ ಗಟ್ಟಿ ಐತಿ."

"ಚೀಟಿ ಯಾವ ಕಡೆ ಹಿಡಿಯೂದಂತ ಹೆಂಗ ತಿಳೀತ್ರಿ?"

"ಆಕೀನ ಮ್ಯಾಲಿನ ತುದಿಗೆ ಕುಂಕುಮ ಹಚ್ಚಿ ಕೊಟ್ಟಾಳ. ಸುಡಾಕತ್ತಿದ್ರೂ ತಲಿ ಓಡತೈತ್ರಿ ಹುಡಿಗೀದು." ಆಮೇಲೆ ದನಿ ತಗ್ಗಿಸಿದಳು. "ಚೀಟಿ ಒಲಿಗೆ ಹಿಡದು ಸುಟ್ಟೆ. ಒಳ್ಳೇಕಿ ಅದಾಳ್ರಿ ಈಕಿ. ಆದ್ರೂ ಕಂಡಾಳಲ್ಲ. ಹೊಸಾದು ಮಾಡಿ ಕೊಡೂದು ಮರೀಬ್ಯಾಡ್ರಿ."

ಮರೆಯುವುದಿಲ್ಲ ಎಂದೆ. ಹಿಂದೆ ಕೂಸು ಅಳತೊಡಗಿತು.

"ಇಡ್ರಿ ಫೋನು, ನನಗ ಕೆಲಸ ಐತಿ. ಆ ಗಟ್ಟಿ ಎದಿಗೇ ಹಚ್ಚಬೇಕು, ಕೂಸ ಎಳದ್ರನ ಅದು ಕರಗೂದು."

ಆಕೆ ಫೋನನ್ನು ಸರಿಯಾಗಿ ಇಡಲಿಲ್ಲ. ನಾನು ಇಡಬೇಕಿತ್ತು, ಇಡಲಾಗಲಿಲ್ಲ. ಕೂಸಿನ ಅಳು ಹತ್ತಿರ ಬಂತು. ಬಾಣಂತಿ ನೋವಿಗೆ ಒಮ್ಮೆ ಜೋರಾಗಿ ಚೀರಿದಳು. "ತಡಕೊ ನನ್ನವ್ವ, ಇಷ್ಟ, ಇಷ್ಟ ಹೊತ್ತು," ಎಂದು ಅಕ್ಕ ಹೇಳುತ್ತಲೇ ಇದ್ದಳು. ಅಳು ನಿಂತಿತು. ಬಾಣಂತಿ ಇನ್ನೂ ನರಳುತ್ತಿದ್ದಳು, ಆದರೆ ಈಗ ಮೆಲ್ಲಗೆ.